ಏಳನೇ ನಂಬರಿನ ಬಿಲ್ಲೆ

ಕಂಬದ ಗುಂಡಿ ಐದೂವರೆ ಅಡಿ ಆಳ ಇರಬೇಕು. ನಾಲ್ಕು ಬೆರಳು ಕಡಿಮೆಯಾದರೂ ಕೆಲಸ ಮಾಡಿಸುವ ಬಿಳಿ ದೊರೆ ಬೂಟುಗಾಲಿನಿಂದ ಮಣ್ಣನ್ನು ಒಳಗೆ ತಳ್ಳಿ, ಮತ್ತೆ ತೋಡು ಅನ್ನುತ್ತಿದ್ದ. ಆಫ್ರಿಕಾದ ಕಡಲಂಚಿನ ನಮ್ಮ ಅಕ್ರಾ ಪಟ್ಟಣದ ನೆಲ ಮೇಲೆ ಮರಳು, ಎರಡಡಿ ಕೆಳಗೆ ಕೆಂಪು ಜಂಬಿಟ್ಟಿಗೆ. ಹಾರೆ ಬಿದ್ದಲ್ಲಿ ಕಿಡಿ ಏಳುತ್ತದೆ, ಮಣ್ಣು ಏಳುವುದಿಲ್ಲ. ಅಂಥ ನೆಲದಲ್ಲಿ ನಾನೂ ನಮ್ಮಣ್ಣ ಅರ್ಮಾನೂ ಎರಡು ವರ್ಷ ಗುಂಡಿ ತೋಡಿದೆವು. ಸರಕಾರ ರೇಡಿಯೋ ತಂದಿತ್ತು. ಲಂಡನ್ನಿನ ಮಾತನ್ನು ಗಾಳಿಯಲ್ಲಿ ಹಿಡಿದು, ರೇಡಿಯೋ ಮನೆಯಿಂದ ತಂತಿಯ ಮೇಲೆ ಗುಡ್ಡದ ಬಂಗಲೆಗಳಿಗೆ ಕಳಿಸುವುದು. ತಂತಿಗೆ ಕಂಬ ಬೇಕು. ಕಂಬಕ್ಕೆ ಗುಂಡಿ ಬೇಕು. ಗುಂಡಿಗೆ ನಾವು ಬೇಕು.

ಕಂಬಗಳು ಡಾಂಬರಿನಲ್ಲಿ ನೆನೆಸಿದ ಮರ. ಬಿಸಿಲಿಗೆ ಡಾಂಬರು ಕರಗಿ ಹೆಗಲಿಗೆ ಅಂಟುತ್ತಿತ್ತು. ಸಂಜೆ ಕಂಬ ಇಳಿಸಿದರೆ ಚರ್ಮವೂ ಜೊತೆಗೆ ಹೋಗುತ್ತಿತ್ತು. ಅವ್ವ ತಾಳೆ ಎಣ್ಣೆ ಕಳಿಸುತ್ತಿದ್ದಳು. ಹಚ್ಚಿಕೊಂಡು ಮಗ್ಗುಲು ಬದಲಿಸದೆ ಮಲಗುತ್ತಿದ್ದೆವು.

ನಾವು ಗಾ ಜನ. ಪಟ್ಟಣ ನಮ್ಮದೇ. ಬಿಳಿಯರ ಕೋಟೆಗಿಂತ ಹಳೆಯದು ನಮ್ಮ ಬುಕೋಮ್ ಚೌಕ. ಆದರೆ ನಮ್ಮ ಮನೆ ಇದ್ದದ್ದು ಹತ್ತು ಮೈಲಿ ಒಳಗೆ, ಹೊಲದೂರಿನಲ್ಲಿ. ಮರಗೆಣಸು, ಮೆಕ್ಕೆಜೋಳ. ಚೌಕದ ಗಂಡಸರು ನಮ್ಮನ್ನು ಕಂಡರೆ ಮೂಗು ಮುರಿಯುತ್ತಿದ್ದರು.

"ಏ ಅರ್ಮಾ, ಹೊಲದೋನಿಗೆ ಗುಂಡಿ ಕಂಡ್ರೆ ಕೈ ಕಡೀತದಂತೆ. ಬೀಜ ಹಾಕ್ಬಿಟ್ಟೀಯ ಮತ್ತೆ!"

"ಹಾಕಿದೀನಿ ಕಣೋ," ಅಂತ ಅಣ್ಣ ಗುಂಡಿಯೊಳಗಿಂದಲೇ ಹೇಳುತ್ತಿದ್ದ. "ನಾಳೆ ಬೆಳಿಗ್ಗೆ ಇಲ್ಲಿ ಒಬ್ಬ ದೊರೆ ಮೊಳೀತಾನೆ. ಮೊದ್ಲು ನಿನ್ನ ಕುಂಡಿಗೇ ಒದೀತಾನೆ, ನೋಡ್ತಿರು."

ದೊರೆಯ ಹೆಸರು ಪಿಲ್ಬೀಮ್. ಗಿಡ್ಡ ಆಳು, ಕೆಂಪು ಕತ್ತು, ಕೈಯಲ್ಲಿ ಬೆತ್ತ. ಅವನ ಬಾಯಲ್ಲಿ ನಮಗೆ ಹೆಸರಿರಲಿಲ್ಲ. ಅಣ್ಣ ಏಳು. ಕೋಟೇ ಅನ್ನುವ ನಾನು ಹನ್ನೊಂದು. ಆ ನಂಬರು ಕೊರೆದ ಒಂದೊಂದು ಹಿತ್ತಾಳೆ ಬಿಲ್ಲೆ ಎಲ್ಲರ ಕೊರಳಲ್ಲೂ ಇತ್ತು. ರೇಡಿಯೋ ಮನೆಯ ಗೋಡೆಗೆ ಸಾಲಾಗಿ ಸ್ವಿಚ್ಚುಗಳು, ಪ್ರತಿ ಸ್ವಿಚ್ಚಿನ ಮೇಲೆ ಒಂದು ಮೊಳೆ. ಸ್ವಿಚ್ಚು ಎತ್ತಿದರೆ ಆ ಕಂಬದ ತಂತಿಯಲ್ಲಿ ಆಳನ್ನು ಸುಡುವಷ್ಟು ಕರೆಂಟು. ಕಂಬ ಹತ್ತುವವನು ಮೊದಲು ಆ ಕಂಬದ ಸ್ವಿಚ್ಚು ಇಳಿಸಿ, ಮೊಳೆಗೆ ತನ್ನ ಬಿಲ್ಲೆ ತೂಗುಹಾಕಿ ಹೋಗಬೇಕು. ಕೆಲಸ ಮುಗಿಸಿ ಬಂದು ತಾನೇ ತೆಗೆಯಬೇಕು. ಬಿಲ್ಲೆ ತೂಗುತ್ತಿರುವಷ್ಟು ಹೊತ್ತು ಆ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ಲಾಟ್ ಸಾಹೇಬನೇ ಬಂದರೂ ಮುಟ್ಟುವಂತಿಲ್ಲ. ಹಾಗಂತ ಪಿಲ್ಬೀಮನೇ ಮೊದಲ ದಿನ ಬೆತ್ತದಿಂದ ಗೋಡೆ ಕುಟ್ಟಿ ಹೇಳಿದ್ದ. ಗುಮಾಸ್ತ ಲಟ್ಟರೋಟ್ ಅದನ್ನು ನಮ್ಮ ಮಾತಿನಲ್ಲಿ ಹೇಳಿದ್ದ. ಲಟ್ಟರೋಟ್ ನಮ್ಮವನೇ, ಚೌಕದವನೇ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕುತ್ತಿದ್ದ, ಆದ್ದರಿಂದ ನಮ್ಮ ಪಕ್ಕ ಕೂರುತ್ತಿರಲಿಲ್ಲ.

ನಿಯಮ ಒಳ್ಳೆಯದೇ. ಆಮೇಲೆ ನನ್ನನ್ನು ಸ್ವಿಚ್ಚು ಕಾಯುವುದಕ್ಕೆ ಹಾಕಿದರು. ಅಣ್ಣ ಕಂಬ ಹತ್ತುವವನಾದ. ಅವನು ಮೇಲೆ, ಅವನ ಬಿಲ್ಲೆ ನನ್ನ ಕಣ್ಣೆದುರು. ಹೋಗುವಾಗ ಹೆಗಲು ಮುಟ್ಟಿ, "ನೋಡ್ಕೋ ಕೋಟೇ," ಅನ್ನುತ್ತಿದ್ದ. ಅಷ್ಟೇ.

ಗುಡ್ಡದ ಬಂಗಲೆಗಳಿಗೆ ರೇಡಿಯೋ ಕೇಳುವ ಪೆಟ್ಟಿಗೆ ಕೊಟ್ಟರು. ನಮ್ಮ ಕೇರಿಗೆಲ್ಲ ಸೇರಿಸಿ ಬುಕೋಮ್ ಚೌಕದ ಕಂಬಕ್ಕೆ ರೇಡಿಯೋ ಕೂಗಿ ಹೇಳುವ ಒಂದು ದೊಡ್ಡ ತುತ್ತೂರಿ ಕಟ್ಟಿದರು. ಬಂಗಲೆಯ ಪೆಟ್ಟಿಗೆಗೆ ಗುಂಡಿ ಇತ್ತು. ಸಾಕಾದರೆ ತಿರುಗಿಸಿ ಬಾಯಿ ಮುಚ್ಚಿಸಬಹುದು. ನಮ್ಮ ತುತ್ತೂರಿಗೆ ಗುಂಡಿ ಇರಲಿಲ್ಲ.

ಮಳೆ ಹಿಡಿಯುವ ಮುಂಚೆ ನಮ್ಮ ಪೂಜಾರಿಗಳು ದೇವರ ಹೊಲಕ್ಕೆ ಸಜ್ಜೆ ಬಿತ್ತುತ್ತಾರೆ. ಅಂದಿನಿಂದ ಮೂವತ್ತು ದಿನ ಪಟ್ಟಣದಲ್ಲಿ ಸದ್ದಿಲ್ಲ. ಡೋಲಿಲ್ಲ, ಕೊಂಬಿಲ್ಲ, ಚಪ್ಪಾಳೆಯಿಲ್ಲ. ಸಾವಾದರೂ ಗಟ್ಟಿಯಾಗಿ ಅಳುವಂತಿಲ್ಲ. ಮಣ್ಣಿನೊಳಗಿನ ಬೀಜ ಬೆಚ್ಚಬಾರದು. ಕೂಸು ಅತ್ತರೆ ತಾಯಿ ಮೊಲೆ ಬಾಯಿಗಿಟ್ಟು ಒಳಗೆ ಓಡುತ್ತಾಳೆ. ಬೀಜ ಮೊಳೆತು, ತೆನೆಯಾಗಿ, ಕೊಯ್ಲಾದ ಮೇಲೆ ಹೋಮೋವೋ, ಹಸಿವನ್ನು ಮೂದಲಿಸುವ ಹಬ್ಬ. ಅದರ ಮಾರನೇ ದಿನ ನಸುಕಿಗೆ ಇಡೀ ಪಟ್ಟಣ ಬಾಗಿಲಲ್ಲಿ ನಿಂತು ಆ ವರ್ಷ ಸತ್ತವರಿಗೆ ಅಳುತ್ತದೆ. ಸೂರ್ಯ ಕಂಡ ಕೂಡಲೇ ಕಣ್ಣು ಒರೆಸಿಕೊಂಡು ಒಬ್ಬರಿಗೊಬ್ಬರು ಹೊಸ ವರ್ಷದ ಆಯಸ್ಸು ಹಾರೈಸುತ್ತೇವೆ.

ತುತ್ತೂರಿ ಬಂದ ಮೊದಲ ವರ್ಷವೇ ಹಿರಿಯರು ರೇಡಿಯೋ ಮನೆಗೆ ಹೋದರು. ಮೂವತ್ತು ದಿನ ಅದರ ಬಾಯಿ ಕಟ್ಟಿ ಅಂತ ಕೇಳಿದರು. ಬಿಸಿಲಲ್ಲಿ ಅರ್ಧ ದಿನ ನಿಲ್ಲಿಸಿ, ಪಿಲ್ಬೀಮ್ ಒಂದೇ ಸಾಲು ಹೇಳಿ ಕಳಿಸಿದ. ನಿಷೇಧ ಡೋಲಿಗೆ, ರೇಡಿಯೋ ಡೋಲಲ್ಲ.

ಮೀನು ಸುಡುವ ಮುದುಕಿ ದೇದೇಯಮ್ಮ ಮೆಲ್ಲಗೆ ಅಂದಳು, "ನಾವು ಕೆಮ್ಮಿದ್ರೆ ದೇವ್ರಿಗೆ ಕೋಪ. ಅದು ಬ್ಯಾಂಡು ಬಾರಿಸಿದ್ರೆ ದೇವ್ರು ಕುಣೀತಾನಾ?"

ಅಣ್ಣ ಯಾರನ್ನೂ ಕೇಳಲಿಲ್ಲ. ತೆಂಗಿನ ನಾರಿನ ಉಂಡೆ ಕಟ್ಟಿಕೊಂಡು ಕಂಬ ಹತ್ತಿದ. ತುತ್ತೂರಿಯ ಬಾಯೊಳಗೆ ಮೊಣಕೈ ತನಕ ತುರುಕಿದ. ಅದು ಗಂಟಲು ಕಟ್ಟಿದವನ ಹಾಗೆ ಗುನುಗತೊಡಗಿತು.

"ದೊಡ್ಡೋರು ಮಾತಾಡ್ಲಿ, ಬ್ಯಾಡ ಅನ್ನೋಕೆ ನಾವ್ಯಾರು?" ಅಂದ ಕೆಳಗಿಳಿದು. "ಬಾಯಿಗೆ ಅಡ್ಡ ಕೈಯಿಟ್ಕೊಂಡು ಮಾತಾಡ್ಲಿ."

ಎರಡು ವರ್ಷ ಹಾಗೇ ನಡೆಯಿತು. ಮೂರನೇ ವರ್ಷ ಲಂಡನ್ನಿನಲ್ಲಿ ಹೊಸ ಚಕ್ರವರ್ತಿಗೆ ಪಟ್ಟ ಕಟ್ಟುವುದು ಅಂತಾಯಿತು. ಸರಿಯಾಗಿ ಆ ಮೂವತ್ತು ದಿನದೊಳಗೇ ಬಿತ್ತು.

ಅಂದು ಬೆಳಿಗ್ಗೆಯಿಂದ ಮಳೆ. ಚೌಕದಲ್ಲಿ ಶಾಲೆಯ ಮಕ್ಕಳನ್ನು ಬಾವುಟ ಕೊಟ್ಟು ಸಾಲಾಗಿ ನಿಲ್ಲಿಸಿದ್ದರು. ಪಿಲ್ಬೀಮ್ ಮೋಟಾರಿನಲ್ಲಿ ಆ ಕಡೆ ಹೋಗಿದ್ದ. ತುತ್ತೂರಿ ಗುನುಗುವುದನ್ನು ಕೇಳಿಕೊಂಡು ಬಂದ. ಒದ್ದೆ ಬೂಟಿನಲ್ಲೇ ಒಳಗೆ ನುಗ್ಗಿದ.

"ಏಳು! ತುತ್ತೂರಿಗೇನಾಗಿದೆ?"

ಲಟ್ಟರೋಟ್ ನಮ್ಮ ಮಾತಿಗೆ ತಿರುಗಿಸಿದ. ತಿರುಗಿಸುತ್ತಲೇ, "ಏನೂ ಗೊತ್ತಿಲ್ಲ ಅನ್ನು ಮಾರಾಯ," ಅಂತ ಸೇರಿಸಿದ.

ಅಣ್ಣ ಅನ್ನಲಿಲ್ಲ. "ನಾರು ತುರುಕಿದೀನಿ, ದೊರೆ. ಇನ್ನು ಇಪ್ಪತ್ತು ದಿನ. ಆಮೇಲೆ ನಾನೇ ತೆಗೀತೀನಿ."

ಬೆತ್ತ ಅಣ್ಣನ ಮುಖಕ್ಕೆ ಬಿತ್ತು. ಕಿವಿಯಿಂದ ತುಟಿಯವರೆಗೆ ಒಂದು ಗೆರೆ. ಮೊದಲು ಬಿಳುಪು, ಆಮೇಲೆ ಕೆಂಪು, ಆಮೇಲೆ ಹನಿ. ಎರಡನೆಯದು ಕತ್ತಿಗೆ. ಮೂರನೆಯದಕ್ಕೆ ಅಣ್ಣ ಬೆತ್ತವನ್ನು ಗಾಳಿಯಲ್ಲೇ ಹಿಡಿದ. ಹಿಡಿದು, ಒಂದು ಉಸಿರಿನಷ್ಟು ಹೊತ್ತು ಇಟ್ಟುಕೊಂಡು, ಬಿಟ್ಟ. ಬಾಗಿಲಲ್ಲಿ ಆ ದಿನಕ್ಕೆಂದು ಇಬ್ಬರು ಪೊಲೀಸರನ್ನು ನಿಲ್ಲಿಸಿದ್ದರು.

"ಮೇಲೆ ಹತ್ತಿ ಅದನ್ನು ಕಿತ್ತುಹಾಕು," ಅಂದ ಪಿಲ್ಬೀಮ್. "ಹನ್ನೊಂದು ಗಂಟೆಗೆ ಲಂಡನ್ನು ಶುರು. ಅರ್ಧ ಗಂಟೆ ಇದೆ."

ಅಣ್ಣ ಚೌಕದ ಸ್ವಿಚ್ಚು ಇಳಿಸಿದ. ಏಳನೇ ನಂಬರಿನ ಬಿಲ್ಲೆ ಮೊಳೆಗೆ ಹಾಕಿದ. ಹೆಗಲು ಮುಟ್ಟಿದ. ಬೆರಳಲ್ಲಿ ರಕ್ತವಿತ್ತು, ನನ್ನ ಅಂಗಿಗೆ ಹತ್ತಿತು.

"ನೋಡ್ಕೋ ಕೋಟೇ."

ಹತ್ತು ದಿನ ಮಳೆಯಲ್ಲಿ ನೆನೆದ ನಾರು ಉಬ್ಬಿರುತ್ತದೆ. ಅದು ಹೊಲದವರಿಗೆ ಗೊತ್ತು. ತುರುಕಿದಷ್ಟು ಸುಲಭವಾಗಿ ಬರುವುದಿಲ್ಲ. ಗಡಿಯಾರದ ಮುಳ್ಳು ಹನ್ನೊಂದಕ್ಕೆ ಬಂತು. ಅಣ್ಣ ಬರಲಿಲ್ಲ. ಬಂಗಲೆಗಳ ಸ್ವಿಚ್ಚುಗಳೆಲ್ಲ ಮೇಲಿದ್ದವು. ಚೌಕದ್ದೊಂದು ಕೆಳಗೆ.

ಪಿಲ್ಬೀಮ್ ಎದ್ದು ಬಂದ.

"ದೊರೆ, ಬಿಲ್ಲೆ ಇದೆ," ಅಂದೆ. ಇಂಗ್ಲಿಷಿನಲ್ಲೇ ಅಂದೆ, ಅಷ್ಟು ಬರುತ್ತಿತ್ತು. "ಅಣ್ಣ ಇಳಿದಿಲ್ಲ."

"ಅರ್ಧ ಗಂಟೆ ಸಾಕು ಒಂದು ಕೋತಿಗೆ," ಅಂದ. ಬಿಲ್ಲೆ ಕಿತ್ತು ನೆಲಕ್ಕೆ ಎಸೆದ. ಸ್ವಿಚ್ಚು ಎತ್ತಿದ.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ನನ್ನ ಎರಡು ಕೈ ನನ್ನ ಎರಡು ಪಕ್ಕದಲ್ಲಿ ಇದ್ದವು. ಹಾರೆ ಹಿಡಿದು ಜಂಬಿಟ್ಟಿಗೆ ಸೀಳಿದ ಕೈಗಳು. ಇದನ್ನು ನಾನು ಯಾರಿಗೂ ಮುಚ್ಚಿಟ್ಟಿಲ್ಲ, ಅವ್ವನಿಗೂ ಮುಚ್ಚಿಡಲಿಲ್ಲ.

ಸ್ವಲ್ಪ ಹೊತ್ತಿಗೆ ದೇದೇಯಮ್ಮ ಮಳೆಯಲ್ಲಿ ಓಡಿ ಬಂದಳು. ಆ ವಯಸ್ಸಿನಲ್ಲಿ ಅರ್ಧ ಮೈಲಿ ಓಡಿದ್ದಳು. ಬಾಗಿಲಿಗೆ ಬಂದು ಕೂಗಲಿಲ್ಲ. ಕೂಗಬಾರದಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಪಿಸುಮಾತಿನಲ್ಲಿ ಅಂದಳು,

"ಕೋಟೇ, ನಿಮ್ಮಣ್ಣ ಮೇಲೆ ಉರೀತಿದಾನೆ."

ನಾನು ಸ್ವಿಚ್ಚಿಗೆ ಹಾರಿದೆ. ಬೆತ್ತ ಬೆರಳ ಗೆಣ್ಣಿಗೆ ಬಿತ್ತು. ಇಬ್ಬರೂ ಪೊಲೀಸರು ಮೇಲೆ ಬಿದ್ದರು. ಒಬ್ಬ ಕತ್ತಿನ ಮೇಲೆ ಮೊಣಕಾಲಿಟ್ಟ. ಕೆನ್ನೆ ಸಿಮೆಂಟಿಗೆ ಒತ್ತಿತ್ತು. ಲಟ್ಟರೋಟ್ ದೊರೆಗೆ ಏನೋ ಹೇಳಿದ, ಎರಡು ಸಲ ಹೇಳಿದ.

"ಕಿರೀಟ ಇಡುವ ಹೊತ್ತು," ಅಂದ ಪಿಲ್ಬೀಮ್. "ಈಗ ನಿಲ್ಲಿಸುವುದಿಲ್ಲ. ಮುಗಿಯಲಿ."

ಬೆಂಚಿನ ಕೆಳಗೆ ಬಿಲ್ಲೆ ಬಿದ್ದಿತ್ತು. ನನ್ನ ಬಾಯಿಗೂ ಅದಕ್ಕೂ ಒಂದು ಗೇಣು. ಕತ್ತಿನ ಮೇಲೆ ಮೊಣಕಾಲಿದ್ದಂತೆಯೇ ತೆವಳಿ ಹಲ್ಲಿನಲ್ಲಿ ಕಚ್ಚಿಕೊಂಡೆ. ಪೆಟ್ಟಿಗೆಯಲ್ಲಿ ಲಂಡನ್ನಿನ ಜನ ಹಾಡುತ್ತಿದ್ದರು. ಮುಗಿಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಅಷ್ಟು ಹೊತ್ತೂ ಅಣ್ಣ ಕಂಬದ ಮೇಲೆ ಸೊಂಟದ ಪಟ್ಟಿಯಲ್ಲಿ ತೂಗುತ್ತಿದ್ದ. ಬಲಗೈ ಭುಜದವರೆಗೆ ತುತ್ತೂರಿಯ ಬಾಯೊಳಗೆ. ಎಡಗೈ ಕಬ್ಬಿಣದ ಪಟ್ಟಿಯ ಮೇಲೆ. ಹೊಗೆ ಬರುತ್ತಿತ್ತು ಅಂದರು. ಅವನ ಕಂಕುಳ ಸಂದಿಯಿಂದ ಹಾಡು ಹೊರಗೆ ಬರುತ್ತಿತ್ತು ಅಂದರು. ಕೆಳಗೆ ಬಾವುಟ ಹಿಡಿದ ಮಕ್ಕಳು. ಸುತ್ತ ಇಡೀ ಚೌಕ. ಒಬ್ಬರೂ ಕಿರುಚಲಿಲ್ಲ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಬೀಜ ಮಣ್ಣಿನಲ್ಲಿತ್ತು.

ಮಾರನೇ ದಿನ ಹೂತೆವು. ಡೋಲಿಲ್ಲ, ಹಾಡಿಲ್ಲ. ಅವ್ವ ಹೊಲದೂರಿನಿಂದ ನಡೆದು ಬಂದಳು. ಬಟ್ಟೆ ಸರಿಸಿ ಮಗನ ಬಲಗೈ ನೋಡಿದಳು. ಆ ಕೈ ಬರಿ ಇದ್ದಿಲು. ಅವಳ ಕೆಳತುಟಿಯಲ್ಲಿ ಹಲ್ಲು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ರಕ್ತ ಗಲ್ಲದಿಂದ ಇಳಿದು ಬಟ್ಟೆಗೆ ಬಿತ್ತು. ಸದ್ದು ಬರಲಿಲ್ಲ.

ನಾಲ್ಕನೇ ದಿನ ವಿಚಾರಣೆ. ನಮ್ಮಲ್ಲಿ ಹೆಂಗಸರದ್ದು ಬೇರೆ ಮನೆ. ಅವ್ವ ಇಳಿದುಕೊಂಡಿದ್ದ ಆ ಮನೆಯ ಅಂಗಳಕ್ಕೆ ಮ್ಯಾಜಿಸ್ಟ್ರೇಟ್ ಬಂದ, ಪಿಲ್ಬೀಮ್ ಬಂದ, ಲಟ್ಟರೋಟ್ ಬಂದ. ಕುರ್ಚಿ ಹಾಕಿದೆವು. ಹೆಂಗಸರು ಗೋಡೆಗೊರಗಿ ಸುಮ್ಮನೆ ಕೂತಿದ್ದರು. ಮ್ಯಾಜಿಸ್ಟ್ರೇಟ್ ಅವ್ವನ ಮುಖ ನೋಡಿದ. ಉಳಿದವರ ಮುಖ ನೋಡಿದ. ಬರೆದುಕೊಂಡ. ಬರೆಯುತ್ತ ಪಿಲ್ಬೀಮನಿಗೆ ಏನೋ ಅಂದ. ಇಬ್ಬರೂ ತಲೆಯಾಡಿಸಿದರು.

"ಏನಂದ?" ಅಂತ ಲಟ್ಟರೋಟನನ್ನು ಕೇಳಿದೆ.

ಅವನು ನೆಲ ನೋಡಿದ. "ತಾಯೀನೂ ಅಳ್ತಿಲ್ಲ, ಈ ಜನಕ್ಕೆ ಅಂಥಾ ದುಃಖ ಏನಿಲ್ಲ. ತಪ್ಪು ಸತ್ತೋನದ್ದೇ ಅಂತ ಇವ್ರಿಗೂ ಗೊತ್ತಿದೆ. ಹಾಗಂದ."

"ಯಾಕೆ ಅಳ್ತಿಲ್ಲ ಅಂತ ನೀನು ಹೇಳ್ಲಿಲ್ವಾ? ನೀನೂ ಈ ಕೇರೀಲೇ ಹುಟ್ಟಿದೋನಲ್ವಾ?"

ಅವನು ಬಾಯಿ ತೆರೆದ. ಪಿಲ್ಬೀಮ್ ಅವನ ಕಡೆ ತಿರುಗಿದ. ಬಾಯಿ ಮುಚ್ಚಿಕೊಂಡ.

ನಾನು ಬಿಲ್ಲೆ ತೆಗೆದು ಮ್ಯಾಜಿಸ್ಟ್ರೇಟನ ಮುಂದೆ ಹಿಡಿದೆ. ಮೊಳೆಯ ಮೇಲಿತ್ತು, ದೊರೆ ಕಿತ್ತೆಸೆದರು ಅಂದೆ. ಅವನು ಬಿಲ್ಲೆಯನ್ನು ಮುಟ್ಟಲಿಲ್ಲ. ಕೇಳಿದ: ಇದು ನಿನ್ನ ಹತ್ತಿರ ಹೇಗೆ ಬಂತು? ಸ್ವಿಚ್ಚು ಕಾಯುವವನು ನೀನು, ಬಿಲ್ಲೆ ಇರುವುದು ನಿನ್ನ ಮಡಿಲಲ್ಲಿ. ಹಾಗಾದರೆ ತೆಗೆದವನು ನೀನೇ.

ಪಿಲ್ಬೀಮ್ ದೊಡ್ಡ ಮನಸ್ಸು ಮಾಡಿದ. ಹನ್ನೊಂದು ಒಳ್ಳೆಯ ಆಳು, ಗಾಬರಿಯಲ್ಲಿ ತಪ್ಪಾಗಿರಬಹುದು, ನಾನು ದೂರು ಕೊಡುವುದಿಲ್ಲ ಅಂದ. ಅಣ್ಣನನ್ನು ಕೊಂದವನು ನಾನು ಅಂತಾಯಿತು. ಕ್ಷಮಿಸಿದವನು ಅವನು ಅಂತಾಯಿತು.

ಮರುದಿನ ಹೊಸ ತುತ್ತೂರಿ ಕೊಟ್ಟು, "ನೀನೇ ಹತ್ತು," ಅಂದ. ಹತ್ತಿದೆ. ಕಬ್ಬಿಣದ ಪಟ್ಟಿಗೆ ಅಣ್ಣನ ಎಡಗೈಯ ಚರ್ಮ ಅಂಟಿತ್ತು, ಅಂಗೈಯ ಗೆರೆಗಳ ಸಮೇತ. ಚಾಕುವಿನಿಂದ ಎಬ್ಬಿಸಬೇಕಾಯಿತು. ಬಾಳೆ ಎಲೆಯಲ್ಲಿ ಸುತ್ತಿ ಅವ್ವನಿಗೆ ಕೊಟ್ಟೆ. ಅವಳು ಅದನ್ನು ಹೊಲಕ್ಕೆ ತೆಗೆದುಕೊಂಡು ಹೋದಳು.

"ಕೆಲಸ ಬಿಟ್ಬಿಡ್ತೀನಿ ಅವ್ವ. ಊರಿಗೆ ಬರ್ತೀನಿ," ಅಂದೆ.

"ಬಿಟ್ರೆ ಆ ಗೋಡೆ ಹತ್ರ ಯಾರಿರ್ತಾರೆ?"

ನನಗೆ ಅರ್ಥವಾಗಲಿಲ್ಲ. ಬಹುಶಃ ಅವಳಿಗೂ ಆಗ ಗೊತ್ತಿರಲಿಲ್ಲ.

ಮೂವತ್ತು ದಿನ ಮುಗಿದು ನಿಷೇಧ ಎತ್ತಿದರು. ಬೇರೆ ಮನೆಗಳಲ್ಲಿ ಡೋಲು ಎದ್ದವು. ಅಳು ಎದ್ದಿತು. ಅವ್ವ ಅಳಲಿಲ್ಲ. ನೆಂಟರು ಬಂದು ಅವ್ವನ ಹೆಸರು ಹಿಡಿದು ಹೇಳಿದರು, ಅತ್ತುಬಿಡು ಲಮೋಕೋರ್, ಎದೆ ಒಡೀತದೆ ಅಂತ.

"ಬಿಡಿಬಿಡಿಯಾಗಿ ಅಳಲ್ಲ," ಅಂದಳು. "ಊರೆಲ್ಲ ಅಳೋ ದಿನ ಅಳ್ತೀನಿ. ಅಲ್ಲೀತಂಕ ಇಟ್ಕೋತೀನಿ. ಮಣ್ಣು ಇಟ್ಕೊಳಲ್ವಾ?"

ಆ ವರ್ಷ ಸಜ್ಜೆ ಚೆನ್ನಾಗಿ ಬಂತು. ಶನಿವಾರದ ಹಬ್ಬಕ್ಕೆ ಗುರುವಾರವೇ ಹೊಲದವರೆಲ್ಲ ತಲೆಯ ಮೇಲೆ ಬುಟ್ಟಿ ಹೊತ್ತು ಪಟ್ಟಣಕ್ಕೆ ಇಳಿದರು. ಅವ್ವನೂ ಬಂದಳು, ಬುಟ್ಟಿಯಲ್ಲಿ ಜೋಳ, ಗೆಣಸು, ತಾಳೆಹಣ್ಣು. ಅಂದೇ ನಾನು ಅವಳಿಗೆ ಹೇಳಿದೆ. ಪಿಲ್ಬೀಮನಿಗೆ ಹೊಸದೊಂದು ಹುಚ್ಚು ಹತ್ತಿತ್ತು. ಭಾನುವಾರ ನಸುಕಿನ ಅಳುವನ್ನು ಬಂಗಲೆಯವರಿಗೆ ಕೇಳಿಸುವುದು. ಚಹಾ ಕುಡಿಯುತ್ತ ಕೇಳಲಿ, ನಾಡಿನವರ ಪದ್ಧತಿ. ಚೌಕದಲ್ಲಿ ಮೈಕು ನಿಲ್ಲಿಸುವುದು. ತಂತಿ ಎಳೆದವನು ನಾನೇ.

"ಆ ಕೋಲಿನ ಮುಂದೆ ನಿಂತು ಅಳ್ಬೇಕಂತಾ?" ಅಂದಳು ಅವ್ವ.

"ಹೂಂ. ಬ್ಯಾಡ ಅವ್ವ. ಮನೆ ಒಳಗೇ ಅಳು."

ಅವಳು ಮೀನಿನ ಮುಳ್ಳು ಬಿಡಿಸುತ್ತಿದ್ದಳು. "ಅದು ಎಲ್ಲೆಲ್ಲಿಗೆ ಹೋಗ್ತದೆ?"

"ಗುಡ್ಡದ ಎಲ್ಲ ಮನೆಗೂ."

"ಅಡಿಗೆಮನೇಗೂ ಕೇಳ್ತದಾ? ನಮ್ಮ ಮಂದಿ ಇರ್ತಾರಲ್ಲ, ಬಟ್ಟೆ ಒಗೆಯೋರು, ಬಾಗಿಲು ಕಾಯೋರು?"

"ಕೇಳ್ತದೆ."

"ಎಷ್ಟು ಹೊತ್ತು?"

"ಹತ್ತು ನಿಮಿಷ. ಆಮೇಲೆ ನಿಲ್ಲಿಸ್ತಾರೆ."

"ನಿಲ್ಸೋದು ಎಲ್ಲಿ?"

"ಸ್ವಿಚ್ಚಲ್ಲಿ."

ಮೀನನ್ನು ನನ್ನ ತಟ್ಟೆಗೆ ಹಾಕಿದಳು. ಎಲೆಯಲ್ಲಿ ಸುತ್ತಿದ ಹುಳಿಜೋಳದ ಕಡುಬು ಬಿಚ್ಚಿ ಅದರ ಪಕ್ಕ ಇಟ್ಟಳು. "ಉಣ್ಣು," ಅಂದಳು.

ಭಾನುವಾರ ನಸುಕು. ಕೋಳಿ ಕೂಗಿತ್ತು. ರೇಡಿಯೋ ಮನೆಯಲ್ಲಿ ನಾವು ಮೂವರು, ಪಿಲ್ಬೀಮ್, ಲಟ್ಟರೋಟ್, ನಾನು. ಬಾಗಿಲ ಹೊರಗೆ ಒಬ್ಬ ಪೊಲೀಸ, ಪಟ್ಟದ ದಿನದಿಂದ ಅವನು ಅಲ್ಲೇ ಕಾಯಂ. ಗುಂಡಿ ತೋಡುವ ಹಾರೆ ಮೂಲೆಯಲ್ಲಿ ಒರಗಿತ್ತು, ಯಾವತ್ತೂ ಅಲ್ಲೇ ಒರಗಿರುತ್ತಿತ್ತು. ಪಿಲ್ಬೀಮ್ ತನ್ನ ಮೈಕಿನಲ್ಲಿ ಬಂಗಲೆಯವರಿಗೆ ಎರಡು ಮಾತು ಹೇಳಿ, ನನಗೆ ಕಣ್ಸನ್ನೆ ಮಾಡಿದ. ಚೌಕದ ಸ್ವಿಚ್ಚು ಎತ್ತಿದೆ.

ಮೊದಲು ದೂರದಲ್ಲೊಂದು ದನಿ. ಆಮೇಲೆ ಹತ್ತು. ಆಮೇಲೆ ಪಟ್ಟಣ. ಗೋಡೆಯ ಪೆಟ್ಟಿಗೆ ನಡುಗಿತು. ಪಿಲ್ಬೀಮ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ, "ಅದ್ಭುತ," ಅಂದ.

ಆಗ ಅವ್ವನ ದನಿ ಬಂತು. ಹತ್ತಿರದಲ್ಲಿ, ಉಸಿರು ಕೇಳಿಸುವಷ್ಟು ಹತ್ತಿರದಲ್ಲಿ. ಮೈಕಿಗೆ ಬಾಯಿ ತಾಗಿಸಿದ್ದಳು. ಮೂರು ತಿಂಗಳು ಒಳಗಿಟ್ಟುಕೊಂಡ ಅಳು ಅದು. ನಮ್ಮಲ್ಲಿ ಸತ್ತವನ ಕತೆ ಹೇಳಿಕೊಂಡೇ ಅಳುತ್ತಾರೆ.

"ಅರ್ಮಾ, ನನ್ನ ಮಗನೇ, ಯಾರು ಹತ್ಸಿದ್ರು ನಿನ್ನ? ಮಳೇಲಿ ಹತ್ಸಿದ್ರು ನಿನ್ನ. ಏಳು ಅಂತ ಕರೆದ್ರು, ಅರ್ಮಾ ಅನ್ನಲಿಲ್ಲ. ಬಿಲ್ಲೆ ಹಾಕಿ ಹೋದ್ಯಲ್ಲ, ಬಿಲ್ಲೆ ಕಿತ್ತೋನು ಯಾರಪ್ಪ? ಪಿಲ್ಬೀಮು. ಬಿಲ್ಲೆ ಕಿತ್ತೋನು ಪಿಲ್ಬೀಮು. ನೀನು ಉರಿವಾಗ ಕಿರೀಟದ ಹಾಡು ಕೇಳ್ತಾ ಕೂತೋನು ಪಿಲ್ಬೀಮು. ಕೇಳ್ರಪ್ಪಾ ಬಂಗಲೆ ಅಡಿಗೆಯೋರೇ. ಕೇಳ್ರವ್ವಾ ಬಟ್ಟೆ ಒಗೆಯೋರೇ. ನಾನು ಅಳ್ಲಿಲ್ಲ ಅಂತ ಬರ್ಕೊಂಡ ಮನುಷ್ಯಾ, ಕೇಳು. ಈಗ ಅಳ್ತಿದೀನಿ, ಬರ್ಕೋ."

ಹಿಂದಿನಿಂದ ಹೆಂಗಸರು ಪಲ್ಲವಿಯ ಹಾಗೆ ಹಿಡಿದುಕೊಂಡರು. ಬಿಲ್ಲೆ ಕಿತ್ತೋನು ಪಿಲ್ಬೀಮು. ಚೌಕವೆಲ್ಲ ಹಿಡಿದುಕೊಂಡಿತು.

ಪಿಲ್ಬೀಮ್ ಕಣ್ಣು ಬಿಟ್ಟ. ನಮ್ಮ ಮಾತು ಅವನಿಗೆ ಒಂದೂ ಬರದು. ತನ್ನ ಹೆಸರು ಬರುತ್ತದೆ.

"ಏನು ಹೇಳುತ್ತಿದ್ದಾಳೆ?"

ಲಟ್ಟರೋಟ್ ಬಿಳಿ ಕೋಟಿನ ಗುಂಡಿ ತಿರುವುತ್ತಿದ್ದ. "ಮಗನಿಗೆ ಅಳುತ್ತಿದ್ದಾಳೆ, ಸರ್."

"ನಿಲ್ಲಿಸು," ಅಂತ ಪಿಲ್ಬೀಮ್ ನನಗೆ ಅಂದ. "ಹನ್ನೊಂದು! ಸ್ವಿಚ್ಚು!"

ನಾನು ಮಡಿಲಿಗೆ ಕೈ ಹಾಕಿದೆ. ಬಿಲ್ಲೆ ತೆಗೆದೆ. ಚೌಕದ ಸ್ವಿಚ್ಚಿನ ಮೇಲಿನ ಮೊಳೆಗೆ ತೂಗುಹಾಕಿದೆ.

"ಬಿಲ್ಲೆ ಇದೆ, ದೊರೆ. ನಮ್ಮಣ್ಣ ಕಂಬದ ಮೇಲಿದಾನೆ. ಇನ್ನೂ ಇಳಿದಿಲ್ಲ."

ಅವನು ಬೆತ್ತ ಎತ್ತಿಕೊಂಡು ಬಂದ. ಒಂದು ಏಟು ಕಿವಿಗೆ, ಒಂದು ಕಣ್ಣಿಗೆ. ನಾನು ಅಲುಗಲಿಲ್ಲ. ನನ್ನನ್ನು ದಾಟಿ ಮೊಳೆಯ ಕಡೆ ಕೈ ಚಾಚಿದ. ಅವತ್ತು ಚಾಚಿದ ಅದೇ ಕೈ. ಹಾರೆ ಯಾವಾಗ ನನ್ನ ಕೈಗೆ ಬಂತೋ ತಿಳಿಯದು. ಮೊಣಕೈಗೂ ಮಣಿಕಟ್ಟಿಗೂ ನಡುವೆ ಹೊಡೆದೆ. ಒಣ ಕಟ್ಟಿಗೆ ಮುರಿದ ಸದ್ದು. ಕೈ ಬೇರೆ ದಿಕ್ಕಿಗೆ ತಿರುಗಿಕೊಂಡಿತು, ಮೂಳೆ ಅಂಗಿಯ ತೋಳಿನಿಂದ ಹೊರಗೆ ಇಣುಕಿತು. ಅವನು ಕಿರುಚಿದ. ಆ ಬೆಳಿಗ್ಗೆ ಅಕ್ರಾದಲ್ಲಿ ಯಾರು ಬೇಕಾದರೂ ಕಿರುಚಬಹುದಿತ್ತು.

ಪೊಲೀಸ ನುಗ್ಗಿದ. ಸೀಟಿ ಊದಿ ಇನ್ನೂ ಮೂವರನ್ನು ಕರೆದ. ನಾನು ಗೋಡೆಗೆ ಬೆನ್ನು ಕೊಟ್ಟು, ಸ್ವಿಚ್ಚನ್ನು ತಲೆಯ ಹಿಂದಿಟ್ಟುಕೊಂಡು ನಿಂತೆ. ಮೊದಲ ಲಾಠಿ ಪಕ್ಕೆಗೆ. ಎರಡನೆಯದಕ್ಕೆ ಹಾರೆ ಬಿತ್ತು. ಆಮೇಲೆ ಎಣಿಸಲಿಲ್ಲ. ಮುಂದಿನ ಹಲ್ಲು ಎರಡು ನಾಲಿಗೆಯ ಮೇಲೆ ಉರುಳಿದವು. ಎಡಗೈಯ ಬೆರಳುಗಳನ್ನು ಬೂಟಿನಿಂದ ತುಳಿದರು, ಒಂದೊಂದಾಗಿ. ಕೆಳಗೆ ಬಿದ್ದೆ. ಅವ್ವ ಇನ್ನೂ ಅಳುತ್ತಿದ್ದಳು.

"ಆರಿಸಿ! ಅದನ್ನು ಆರಿಸಿ!" ಅಂತ ಪಿಲ್ಬೀಮ್ ನೆಲದಿಂದಲೇ ಕೂಗುತ್ತಿದ್ದ.

ಒಬ್ಬ ಪೊಲೀಸ ಸ್ವಿಚ್ಚಿಗೆ ಕೈ ನೀಡಿದ.

"ಮುಟ್ಬೇಡಿ!"

ಲಟ್ಟರೋಟ್. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಬಿಲ್ಲೆ ತೂಗ್ತಿದೆ, ಕಾಣಲ್ವಾ? ಈಗ ಮುಟ್ಟಿದೋನು ಸುಟ್ಟು ಹೋಗ್ತಾನೆ. ಬುಕೋಮ್ ಕಂಬದಲ್ಲಿ ನೋಡ್ಲಿಲ್ವಾ ನೀವು?"

ಅದು ಸುಳ್ಳು. ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಪೊಲೀಸ ಕೈ ಹಿಂದಕ್ಕೆ ತೆಗೆದುಕೊಂಡ. ಪಟ್ಟದ ದಿನ ಅಣ್ಣನನ್ನು ಕಂಬದಿಂದ ಇಳಿಸಿದವರಲ್ಲಿ ಅವನೂ ಒಬ್ಬ. ಲಟ್ಟರೋಟ್ ಗೋಡೆಯ ಪಕ್ಕಕ್ಕೆ ಬಂದು ನಿಂತ. ಅವನ ಬಿಳಿ ಕೋಟಿನ ತುದಿ ನನ್ನ ರಕ್ತದಲ್ಲಿ ಅದ್ದಿತ್ತು. ಎಳೆದುಕೊಳ್ಳಲಿಲ್ಲ.

ಅವ್ವ ಹತ್ತು ನಿಮಿಷ ಅಳಲಿಲ್ಲ. ಸೂರ್ಯ ಕಾಣುವವರೆಗೆ ಅತ್ತಳು. ಗುಡ್ಡದ ಅಡಿಗೆಮನೆಗಳಲ್ಲಿ ಹಾಲು ಉಕ್ಕಿ ಒಲೆಗೆ ಬಿತ್ತಂತೆ. ಒಂದು ಬಂಗಲೆಯ ಬಟ್ಲರ್ ಚಹಾದ ತಟ್ಟೆಯನ್ನು ಮೆಟ್ಟಿ ಪುಡಿ ಮಾಡಿ, ಏಪ್ರನ್ನು ಬಿಚ್ಚಿ ಬಾಗಿಲಿಗೆ ನೇತುಹಾಕಿ, ಚೌಕಕ್ಕೆ ಇಳಿದು ಬಂದನಂತೆ. ಇದೆಲ್ಲ ಆಮೇಲೆ ಜೈಲಿನಲ್ಲಿ ಕೇಳಿದ್ದು. ಅಲ್ಲಿ ಕಲ್ಲು ಒಡೆಯುವ ಕೆಲಸ. ಏಳು ವರ್ಷ.

ಆದರೆ ಆ ಬೆಳಿಗ್ಗೆ ನನ್ನ ಕಿವಿಯಿಂದಲೇ ಕೇಳಿದ್ದು ಹೇಳುತ್ತೇನೆ. ಕಿಟಕಿಯಲ್ಲಿ ಬಿಸಿಲು ಬಂತು. ಪೆಟ್ಟಿಗೆಯಲ್ಲಿ ಅಳು ಇಳಿಯುತ್ತ ಇಳಿಯುತ್ತ ನಿಂತಿತು. ಯಾರೋ ಮೂಗು ಸೀದಿದರು. ಆಮೇಲೆ ಅವ್ವನ ದನಿ. ಹೊಲದಿಂದ ಬಂದು ಬುಟ್ಟಿ ಇಳಿಸಿದವಳ ದನಿ.

"ವರ್ಷ ತಿರುಗಿ ಬರ್ಲಿ. ಎಲ್ರಿಗೂ ಆಯಸ್ಸು ಸಿಗ್ಲಿ."

"ಸಿಗ್ಲಿ," ಅಂತ ಚೌಕ ಅಂದಿತು.

ನಾನು ಗೋಡೆ ಹಿಡಿದು ಎದ್ದೆ. ಪೊಲೀಸರು ತಡೆಯಲಿಲ್ಲ, ಯಾಕೋ ಗೊತ್ತಿಲ್ಲ. ಎಡಗೈ ಬೆರಳು ಕೇಳುತ್ತಿರಲಿಲ್ಲ. ಬಲಗೈಯಿಂದ ಮೊಳೆಯ ಮೇಲಿನ ಬಿಲ್ಲೆ ತೆಗೆದೆ. ಬಾಯಲ್ಲಿಟ್ಟುಕೊಳ್ಳುವ ಮುಂಚೆ, ನೆಲದ ಮೇಲಿದ್ದ ಪಿಲ್ಬೀಮನಿಗೆ ಹೇಳಿದೆ,

"ನಮ್ಮಣ್ಣ ಇಳಿದ. ಈಗ ಆರಿಸ್ಕೋ."